ನಾಲ್ಕನೆಯ ಪಿಸ್ಟನ್ನಿನ ಗುಟ್ಟು

"ಅಜ್ಜಾರೆ, ಹೆಮ್ಮೆ ಬಿಡು, ಹೆಮ್ಮೆ ಬಿಡು ಅಂತ ಎಲ್ಲರೂ ಹೇಳ್ತಾರೆ. ಹೆಮ್ಮೆನೇ ಬಿಟ್ಟ ಮೇಲೆ ಕೆಲಸ ಯಾಕೆ ಚೆನ್ನಾಗಿ ಮಾಡಬೇಕು?"

ಕೇಳಿದವನು ಅಡಿವೆಪ್ಪ. ಮಠದ ದಾಸೋಹದ ಸಾರು ಅವನ ಕೈಯದು. ಆ ಸಾರಿನಲ್ಲಿ ಬೇಳೆಯನ್ನು ಹುಡುಕಬೇಕಾಗುತ್ತಿತ್ತು, ಅಡಿವೆಪ್ಪನಲ್ಲಿ ಹೆಮ್ಮೆಯನ್ನು ಹುಡುಕಬೇಕಾಗುತ್ತಿರಲಿಲ್ಲ. ಉಣ್ಣಲು ಕುಳಿತವರ ಮುಂದೆ ಸೌಟು ಹಿಡಿದು ಮೆರೆಯಬೇಡಪ್ಪ ಎಂದು ಅಂದು ಬೆಳಿಗ್ಗೆ ಹಿರಿಯರೊಬ್ಬರು ಅವನಿಗೆ ಹೇಳಿದ್ದರು. ಅವನು ಸೌಟನ್ನು ಅಲ್ಲೇ ಬಿಟ್ಟು ನೇರವಾಗಿ ಗುರುಗಳ ಬಳಿಗೆ ಬಂದಿದ್ದ.

ಗುರುಗಳು ಬಿಡು ಎನ್ನಲಿಲ್ಲ, ಇಟ್ಟುಕೋ ಎನ್ನಲೂ ಇಲ್ಲ. ಕುಳಿತುಕೋ ಎಂದರು. ಅವರು ಕುಳಿತುಕೋ ಎಂದರೆ ಕತೆ ಇದೆ ಎಂದು ಅರ್ಥ. ಕೇಳಿದವನಿಗೆ ಏನೋ ಕಾದಿದೆ ಎಂದೂ ಅರ್ಥ. ಉಳಿದ ನಾವು ಸ್ವಲ್ಪ ಹತ್ತಿರಕ್ಕೆ ಸರಿದೆವು. ಬೇರೆಯವರಿಗೆ ಕಾದಿರುವ ಕತೆಯನ್ನು ಕೇಳುವುದು ಬಲು ಸುಖ.

ಗುರುಗಳು ಹೇಳಿದರು.

ಘಟ್ಟದ ಮೇಲಿನ ಒಂದು ಊರಿನಲ್ಲಿ ಒಬ್ಬ ಮೇಸ್ತ್ರಿ ಇದ್ದ. ಲಾರಿಗಳ ಎಂಜಿನ್ ರಿಪೇರಿ ಅವನ ಕಸುಬು. ಕರಾವಳಿಯಿಂದ ಉಪ್ಪು, ಹೆಂಚು, ಒಣಮೀನು ಹೊತ್ತು ಘಟ್ಟ ಹತ್ತಿದ ಲಾರಿಗಳಿಗೆ ಮೊದಲು ಸಿಗುವ ಗ್ಯಾರೇಜು ಅವನದು. ಕೆಟ್ಟ ಲಾರಿಗಳು ಅಲ್ಲಿ ನಿಲ್ಲಲೇಬೇಕು. ಕೆಡದ ಲಾರಿಯವರೂ ನಿಲ್ಲಿಸುತ್ತಿದ್ದರು. ಎದುರಿನ ಅಂಗಡಿಯಲ್ಲಿ ಒಂದು ಚಹಾ ಕುಡಿದು, ಎಂಜಿನ್ನಿನ ಸದ್ದನ್ನು ಮೇಸ್ತ್ರಿಯ ಕಿವಿಗೆ ಹಾಕಿ, ಅವನು ಹೂಂ ಎಂದರೆ ಮುಂದೆ ಹೋಗುತ್ತಿದ್ದರು. ಆ ಹೂಂ ಇಲ್ಲದೆ ಹೋದವರಿಗೆ ದಾರಿಯಲ್ಲಿ ನಿದ್ದೆ ಬರುತ್ತಿರಲಿಲ್ಲ. ಲಾರಿ ಓಡಿಸುವವರಿಗೆ ಅದು ಒಳ್ಳೆಯದೇ.

ಮೇಸ್ತ್ರಿ ಬಿಳಿ ಅಂಗಿ ಹಾಕುತ್ತಿದ್ದ. ಸುತ್ತ ಎಣ್ಣೆ, ಮಸಿ, ಗ್ರೀಸು. ನಡುವೆ ಬಿಳಿ ಅಂಗಿ. ಸಂಜೆ ಮನೆಗೆ ಹೋಗುವಾಗಲೂ ಅದು ಬಿಳಿಯೇ. ಅಂಗಿಗೆ ಎಣ್ಣೆ ಹತ್ತಿಸಿಕೊಳ್ಳುವವನು ಕೆಲಸಗಾರ, ಹತ್ತಿಸಿಕೊಳ್ಳದವನು ಮೇಸ್ತ್ರಿ ಎಂದು ಅವನು ಹೇಳುತ್ತಿದ್ದ. ಮಾತು ದೊಡ್ಡದು. ಆದರೆ ಕೆಲಸವೂ ಅಷ್ಟೇ ದೊಡ್ಡದಾಗಿತ್ತು, ಅದಕ್ಕೆ ಯಾರೂ ನಗುತ್ತಿರಲಿಲ್ಲ.

ಅವನ ಹೆಸರು ಹಬ್ಬಿದ್ದು ಒಂದು ಏಟಿನಿಂದ. ಪಿಸ್ಟನ್ ಎಂದರೆ ಎಂಜಿನ್ನಿನ ಕೊಳವೆಯೊಳಗೆ ಮೇಲೆ ಕೆಳಗೆ ಓಡಾಡುವ ಲೋಹದ ಡಬ್ಬಿ. ಅದರ ಹೊಟ್ಟೆಯಿಂದ ಒಂದು ಉದ್ದನೆಯ ರಾಡು ಕೆಳಗೆ ಇಳಿಬಿದ್ದಿರುತ್ತದೆ. ಪಿಸ್ಟನ್ನನ್ನು ಕೂರಿಸುವಾಗ ಅದರ ಸುತ್ತಲಿನ ರಿಂಗುಗಳನ್ನು ತಗಡಿನ ಪಟ್ಟಿಯಿಂದ ಬಿಗಿದು, ಸುತ್ತಿಗೆಯ ಮರದ ಹಿಡಿಯಿಂದ ಮೆಲ್ಲಗೆ ತಟ್ಟಿ ತಟ್ಟಿ ಇಳಿಸಬೇಕು. ಬೇರೆ ಮೇಸ್ತ್ರಿಗಳು ಹತ್ತು ಸಲ ತಟ್ಟುತ್ತಿದ್ದರು, ಹತ್ತು ಸಲ ಬಗ್ಗಿ ನೋಡುತ್ತಿದ್ದರು. ಇವನದು ಒಂದೇ ಏಟು. ಧಡ್ ಎಂದರೆ ಪಿಸ್ಟನ್ ಕೂತಿತು. ಏಟು ಹಾಕುವಾಗ ಅವನು ಪಿಸ್ಟನ್ನನ್ನು ನೋಡುತ್ತಲೂ ಇರಲಿಲ್ಲ. ನಿಂತು ನೋಡುತ್ತಿದ್ದ ಜನರನ್ನು ನೋಡುತ್ತಿದ್ದ. ಚಹಾದಂಗಡಿಯವನಂತೂ ಆ ಹೊತ್ತಿಗೆ ಒಲೆಯನ್ನು ಸಣ್ಣ ಮಾಡಿ, ಗಿರಾಕಿಗಳ ಕೈಯಿಂದ ಕಪ್ಪು ಇಳಿಸಿ, ಅವರನ್ನು ಕರೆದುಕೊಂಡು ಬರುತ್ತಿದ್ದ.

ಎಲ್ಲ ಕೆಲಸವೂ ಮೇಲಿನಿಂದ ಆಗುವುದಿಲ್ಲ. ಕೆಳಗೆ ಇಳಿದ ರಾಡನ್ನು ತಿರುಗುವ ದಪ್ಪ ದಂಡವಾದ ಕ್ರ್ಯಾಂಕಿಗೆ ಸೇರಿಸಿ ನಟ್ಟು ಬಿಗಿಯಲು ಒಬ್ಬ ಲಾರಿಯ ಅಡಿಯಲ್ಲಿ ಅಂಗಾತ ಮಲಗಿರಬೇಕು. ಆ ಗ್ಯಾರೇಜಿನಲ್ಲಿ ಹಾಗೆ ಮಲಗುತ್ತಿದ್ದವನು ತಲೆ ನರೆತ ಒಬ್ಬ ಕೆಲಸಗಾರ. ಇಪ್ಪತ್ತೆರಡು ವರ್ಷದಿಂದ ಅವನ ಜಾಗ ಅದೇ. ಊರಿನವರು ಅವನ ಕಾಲುಗಳನ್ನು ಬಲ್ಲಷ್ಟು ಮುಖವನ್ನು ಬಲ್ಲವರಲ್ಲ. ಗ್ಯಾರೇಜಿನ ಮರ್ಯಾದೆ ಹೀಗಿತ್ತು: ಕೆಳಗೆ ಏನು ಕಂಡೆ ಎಂದು ಮೇಸ್ತ್ರಿ ಕೇಳುವಂತಿಲ್ಲ, ಕೇಳದೆ ಕೆಳಗಿನವನು ಹೇಳುವಂತಿಲ್ಲ. ಇಬ್ಬರೂ ಮರ್ಯಾದಸ್ಥರು. ಇಪ್ಪತ್ತೆರಡು ವರ್ಷ ಇಬ್ಬರೂ ಆ ಮರ್ಯಾದೆಯನ್ನು ಒಂದು ದಿನವೂ ಮೀರಲಿಲ್ಲ.

ಒಂದು ದಿನ ಒಬ್ಬ ಉಪ್ಪಿನ ಲಾರಿಯವನು ಬಂದ. ಲಾರಿ ಅವನದೇ, ಓಡಿಸುವವನೂ ಅವನೇ. ಅಪ್ಪ ಓಡಿಸಿದ ಲಾರಿ. ಹಣೆಯ ಮೇಲೆ ಅಪ್ಪನ ಹೆಸರನ್ನು ಬಣ್ಣದಲ್ಲಿ ಬರೆಸಿದ್ದ. ಆರು ಪಿಸ್ಟನ್ನಿನ ಹಳೆಯ ಎಂಜಿನ್. ಅಂಥ ಎಂಜಿನ್ ಆ ದಾರಿಯಲ್ಲಿ ಇನ್ನೊಂದಿರಲಿಲ್ಲ. ಘಟ್ಟದ ಏಳನೆಯ ತಿರುವಿನಲ್ಲಿ ಅದು ಒಳಗಿನಿಂದ ಬಡಿದುಕೊಳ್ಳತೊಡಗಿ, ಹೊಗೆ ಕಾರಿ, ನಿಂತಿತ್ತು. ಹಗ್ಗ ಕಟ್ಟಿ ಎಳೆದು ತಂದಿದ್ದರು.

ಬಿಚ್ಚಿದರು. ನಾಲ್ಕನೆಯ ಪಿಸ್ಟನ್ನಿನ ತಲೆಯಲ್ಲಿ ತೂತು. ಮೇಸ್ತ್ರಿ ಒಂದು ಬೀಡಿ ಸೇದಿ ಮುಗಿಸುವಷ್ಟರಲ್ಲಿ ಕಾರಣ ಹೇಳಿದ. ಡೀಸೆಲ್ ಚಿಮ್ಮಿಸುವ ನೋಝಲ್ ಕೆಟ್ಟಿದೆ. ಕ್ಷೌರದಂಗಡಿಯ ಬಾಟಲಿಯಂತೆ ಸಿಂಪಡಿಸಬೇಕಾದದ್ದು ಬೀದಿ ನಲ್ಲಿಯಂತೆ ತೊಟ್ಟಿಕ್ಕುತ್ತಿದೆ. ತೊಟ್ಟಿಕ್ಕಿದ ಡೀಸೆಲ್ ಒಂದೇ ಕಡೆ ಉರಿದು ತಲೆಯನ್ನು ತೂತು ಮಾಡಿದೆ. ನೋಝಲನ್ನು ಬಿಚ್ಚಿ ಒತ್ತಿ ನೋಡಿದರು. ಅವನು ಹೇಳಿದ ಹಾಗೆಯೇ ತೊಟ್ಟಿಕ್ಕಿತು. ಹೊಸ ನೋಝಲ್ ಬಂತು, ಹೊಸ ಪಿಸ್ಟನ್ ಬಂತು. ಮೇಸ್ತ್ರಿ ಜನರ ಕಡೆ ನೋಡಿದ. ಒಂದೇ ಏಟು. ಲಾರಿ ಹೋಯಿತು.

ಆ ದಿನ ಮೇಸ್ತ್ರಿ ಹೇಳಿದ ಕಾರಣ ಸರಿಯಾಗಿತ್ತು. ಇದನ್ನು ಮರೆಯಬೇಡಿ. ಒಮ್ಮೆ ಸರಿ ಹೇಳಿದವನಿಗೆ ಎರಡನೆಯ ಸಲ ನೋಡುವ ಕಣ್ಣು ಸ್ವಲ್ಪ ಮಂಜಾಗಿರುತ್ತದೆ.

ಎರಡು ತಿಂಗಳಿಗೆ ಲಾರಿ ಮತ್ತೆ ಹಗ್ಗದಲ್ಲಿ ಬಂತು. ಮತ್ತೆ ಘಟ್ಟ, ಮತ್ತೆ ತುಂಬಿದ ಉಪ್ಪು, ಮತ್ತೆ ನಾಲ್ಕನೆಯ ಪಿಸ್ಟನ್. ಈ ಸಲ ತೂತು ಇರಲಿಲ್ಲ. ಮೈಯೆಲ್ಲ ತರಚಿ, ಅಲ್ಲಲ್ಲಿ ಕರಗಿ, ಕೊಳವೆಗೆ ಕಚ್ಚಿಕೊಂಡು ಕೂತಿತ್ತು. ಮೇಸ್ತ್ರಿ ಎಷ್ಟನೆಯದು ಎಂದು ನೋಡಿದ, ಹೇಗೆ ಸತ್ತಿತು ಎಂದು ನೋಡಲಿಲ್ಲ. ಅದೇ ರೋಗ ಎಂದ. ಡೀಸೆಲ್ಲಿನಲ್ಲಿ ಕಲಬೆರಕೆ ಎಂದ. ಪಂಪನ್ನು ತಿದ್ದಿಸಿದ, ನೋಝಲನ್ನು ಮತ್ತೆ ಬದಲಿಸಿದ. ಒಂದೇ ಏಟು.

ಮೂರನೆಯ ಸಲ ಬಂದಾಗ ಚಹಾದಂಗಡಿಯವನು, ಲಾರಿಗೆ ನಾಲ್ಕನೆಯ ಮನೆಯಲ್ಲಿ ಶನಿ ಕೂತಿದ್ದಾನೆ ಎಂದ. ತಮಾಷೆಗೆ ಅಂದದ್ದು. ಲಾರಿಯವನು ನಿಜವೆಂದು ತಿಳಿದು ಜೋಯಿಸರ ಬಳಿಗೆ ಹೋದ. ಜೋಯಿಸರು ಹುಟ್ಟಿದ ದಿನ ಕೇಳಿದರು. ಇವನು ಲಾರಿಯ ನೋಂದಣಿ ಕಾಗದ ತೋರಿಸಿದ. ಜೋಯಿಸರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಗ್ರಹಗಳು ಇದಕ್ಕೆ ಜವಾಬ್ದಾರರಲ್ಲ, ಮೇಸ್ತ್ರಿಯನ್ನೇ ಕೇಳು ಎಂದು ಕಳಿಸಿದರು. ಇಡೀ ಕತೆಯಲ್ಲಿ ಜಾಣ ಮಾತು ಆಡಿದವರು ಅಲ್ಲಿಯವರೆಗೆ ಅವರೊಬ್ಬರೇ.

ಮೇಸ್ತ್ರಿ ಈ ಸಲ ಏನನ್ನೂ ಬಿಡಲಿಲ್ಲ. ಎಂಜಿನ್ನಿನ ಹೆಡ್ ಬದಲಾಯಿತು. ರೇಡಿಯೇಟರ್ ಬದಲಾಯಿತು. ನೀರಿನ ಪಂಪು, ಫ್ಯಾನಿನ ಬೆಲ್ಟು, ಗಾಳಿಯ ಜರಡಿ ಎಲ್ಲ ಬದಲಾದವು. ಬದಲಾಗದೆ ಉಳಿದದ್ದು ಹಣೆಯ ಮೇಲಿನ ಅಪ್ಪನ ಹೆಸರು. ಲಾರಿಯವನು ಕೈಮುಗಿದು ಒಂದು ಮಾತು ಕೇಳಿಕೊಂಡ. ಬೇರೆ ಕೆಲಸ ಯಾರಾದರೂ ಮಾಡಲಿ, ನಾಲ್ಕನೆಯ ಪಿಸ್ಟನ್ನನ್ನು ಮಾತ್ರ ಮೇಸ್ತ್ರಿಯೇ ಕೂರಿಸಬೇಕು. ಮೇಸ್ತ್ರಿಯ ಕೈಗುಣ ದೊಡ್ಡದು. ಇನ್ನೊಮ್ಮೆ ಸುಟ್ಟರೆ ಅಪ್ಪನ ಲಾರಿಯನ್ನು ಗುಜರಿಗೆ ಕೊಡುವುದೇ ಸರಿ.

ಗುಜರಿ ಎಂಬ ಮಾತು ಮೇಸ್ತ್ರಿಗೆ ನಾಟಿತು. ತಾನು ಮುಟ್ಟಿದ ಲಾರಿ ಗುಜರಿಗೆ ಹೋಗುವುದೆಂದರೇನು? ಅವನು ನಟ್ಟು ಬಿಚ್ಚುವ ಪಾನಾ ಒಂದನ್ನು ಎತ್ತಿ ಹಿಡಿದು, ಚಹಾ ಕುಡಿಯುತ್ತಿದ್ದವರಿಗೆಲ್ಲ ಕೇಳುವ ಹಾಗೆ ಆಣೆ ಮಾಡಿದ. ಈ ನಾಲ್ಕನೆಯದು ಇನ್ನೊಮ್ಮೆ ಸುಟ್ಟರೆ ತಾನು ಪಾನಾ ಮುಟ್ಟುವುದಿಲ್ಲ. ಇವತ್ತಲ್ಲ, ನಾಳೆಯಲ್ಲ, ಯಾವತ್ತೂ ಇಲ್ಲ. ಮತ್ತೆ ಒಂದೇ ಏಟು. ಈ ಸಲ ಸ್ವಲ್ಪ ಜೋರಾಗಿಯೇ.

ನಲವತ್ತು ದಿನಕ್ಕೆ ಹಗ್ಗ ಬಂತು.

ಈ ಸಲ ಚಹಾದಂಗಡಿಯವನೂ ತಮಾಷೆ ಮಾಡಲಿಲ್ಲ, ಅದು ಎಲ್ಲಕ್ಕಿಂತ ಕೆಟ್ಟದ್ದು. ಮೇಸ್ತ್ರಿ ತನ್ನ ಪಾನಾಗಳನ್ನು ಒಂದೊಂದಾಗಿ ಬಟ್ಟೆಯಲ್ಲಿ ಒರೆಸಿ, ಪೆಟ್ಟಿಗೆಯಲ್ಲಿ ಜೋಡಿಸಿ, ಮುಚ್ಚಳ ಹಾಕಿ, ಬೆಂಚಿನ ಮೇಲಿಟ್ಟ. ಕೆಲವರು ಆ ಪೆಟ್ಟಿಗೆಯನ್ನು ಹೆಣ ನೋಡುವ ಹಾಗೆ ನೋಡಿದರು. ಆಣೆ ಗೀಣೆ ಯಾರು ನೆನಪಿಡುತ್ತಾರೆ, ಬಿಡಿ ಎಂದು ಲಾರಿಯವನೇ ಹೇಳಿದ. ಮೇಸ್ತ್ರಿ, ನಾನು ನೆನಪಿಡುತ್ತೇನೆ ಎಂದ.

ಆದರೆ ಬಿಚ್ಚುವುದು ಬಾಕಿಯಿರುವ ಎಂಜಿನ್ ಬಿಟ್ಟು ಮನೆಗೆ ಹೋಗುವ ಜಾತಿಯವನಲ್ಲ ಅವನು. ಕೆಳಗೆ ಮಲಗುವವನನ್ನು ಕರೆದು, ಇವತ್ತು ನೀನು ಮೇಲೆ ಹತ್ತು, ನೀನೇ ಬಿಚ್ಚು ಎಂದ. ಅವನು ಹೆದರಿದ. ತಾನು ಮೇಲೆ ಹೋದರೆ ಕೆಳಗೆ ಯಾರು ಎಂದ. ಎಲ್ಲರೂ ತಮ್ಮ ಅಂಗಿ ನೋಡಿಕೊಂಡರು. ಎಣ್ಣೆ ಸುರಿಯುವ ಜಾಗಕ್ಕೆ ಹೋಗಲು ಯಾರೂ ಮುಂದೆ ಬರಲಿಲ್ಲ.

ಮೇಸ್ತ್ರಿ, ದೀಪ ಕೊಡು ಎಂದ. ದೀಪ ಹಿಡಿಯುವುದಿಲ್ಲ ಎಂದು ನಾನು ಆಣೆ ಮಾಡಿಲ್ಲ ಎಂದ.

ಬಿಳಿ ಅಂಗಿಯಲ್ಲೇ ಅವನು ಲಾರಿಯ ಅಡಿಗೆ ಹೋಗಿ ಅಂಗಾತ ಮಲಗಿದ. ಎಣ್ಣೆಯ ತೊಟ್ಟಿಯನ್ನು ಆಗಲೇ ಬಿಚ್ಚಿ ತೆಗೆದಿದ್ದರು. ಮೊದಲ ಹನಿ ಎದೆಯ ಮೇಲೆ ಬಿತ್ತು. ಎರಡನೆಯದು ಹಣೆಯ ಮೇಲೆ, ವಿಭೂತಿ ಹಚ್ಚುವ ಜಾಗದಲ್ಲೇ ಸರಿಯಾಗಿ ಬಿತ್ತು. ಅವನು ಕಣ್ಣು ಮುಚ್ಚಲಿಲ್ಲ. ಎಂಜಿನ್ನಿನ ಹೊಟ್ಟೆಯನ್ನು ಕೆಳಗಿನಿಂದ ಅವನು ನೋಡಿ ಇಪ್ಪತ್ತೆರಡು ವರ್ಷವಾಗಿತ್ತು.

ಆ ಹಳೆಯ ಎಂಜಿನ್ನಿನಲ್ಲಿ ಒಂದೊಂದು ಪಿಸ್ಟನ್ನಿನ ಅಡಿಗೂ ಒಂದೊಂದು ಸಣ್ಣ ನಳಿಗೆ ಇತ್ತು, ಕಿರುಬೆರಳಿಗಿಂತ ತೆಳ್ಳಗೆ. ಆ ದಾರಿಯ ಬೇರೆ ಲಾರಿಗಳಿಗೆ ಅದು ಇರಲಿಲ್ಲ. ಅದರ ಕೆಲಸ ಇಷ್ಟೇ: ಎಂಜಿನ್ ಓಡುವಾಗ ಪಿಸ್ಟನ್ನಿನ ಹೊಟ್ಟೆಗೆ ಎಣ್ಣೆ ಚಿಮ್ಮಿಸುವುದು. ಪಿಸ್ಟನ್ನಿನ ತಲೆಯ ಮೇಲೆ ಬೆಂಕಿ ಇರುತ್ತದೆ. ಕೆಳಗಿನಿಂದ ಎಣ್ಣೆ ತಣಿಸುತ್ತಿರುವುದರಿಂದ ಅದು ಮೇಲಿನ ಬೆಂಕಿಯನ್ನು ತಾಳುತ್ತದೆ. ಬಯಲಿನಲ್ಲಿ ಎಣ್ಣೆ ಇಲ್ಲದೆಯೂ ಹೇಗೋ ತಾಳೀತು. ಭಾರ ಹೊತ್ತು ಘಟ್ಟ ಹತ್ತುವಾಗ ತಾಳದು.

ಐದು ನಳಿಗೆಗಳು ನೆಟ್ಟಗಿದ್ದವು. ನಾಲ್ಕನೆಯದು ಬಗ್ಗಿತ್ತು. ಅದರ ಬಾಯಿ ಪಿಸ್ಟನ್ನಿನ ಕಡೆಗೆ ಇರಲಿಲ್ಲ, ಗೋಡೆಯ ಕಡೆಗಿತ್ತು. ಮೇಸ್ತ್ರಿ ದೀಪವನ್ನು ಹತ್ತಿರಕ್ಕೆ ಹಿಡಿದ. ನಳಿಗೆಯ ಮೇಲೆ ಒಂದರ ಮೇಲೊಂದು ಮೂರು ಗಾಯದ ಗುರುತುಗಳಿದ್ದವು.

"ನಾಲ್ಕನೇ ನಳಿಗೆ ಬಗ್ಗಿದೆಯಲ್ಲೋ," ಎಂದು ಅವನು ಕೆಳಗಿನಿಂದ ಕೇಳಿದ. "ನೀನು ನೋಡಿರಲಿಲ್ವಾ?"

"ನೋಡಿದ್ದೆ ಮೇಸ್ತ್ರಿ," ಎಂದ ಮೇಲಿದ್ದವನು. "ಮೊದಲ ಸಲ ಬಿಚ್ಚಿದಾಗ ನೆಟ್ಟಗಿತ್ತು. ನೀವು ಪಿಸ್ಟನ್ ಕೂರಿಸಿದ ಮೇಲೆ ಬಗ್ಗಿತ್ತು. ನೀವು ಬೇಕಂತಲೇ ಬಗ್ಗಿಸೋದು ಅಂತ ತಿಳ್ಕೊಂಡಿದ್ದೆ. ನಿಮ್ಮ ಕೈಯ ಗುಟ್ಟು ಅದು ಅಂತ. ಆಚೆ ಗ್ಯಾರೇಜಿನವರು ಎಷ್ಟು ಚಹಾ ಕುಡಿಸಿದರೂ ನಾನು ಯಾರಿಗೂ ಹೇಳಿಲ್ಲ."

ಕೊನೆಯ ಮಾತನ್ನು ಅವನು ಬಹಳ ಹೆಮ್ಮೆಯಿಂದ ಹೇಳಿದ. ಒಡೆಯನ ಗುಟ್ಟನ್ನು ಕಾಪಾಡಿದವನ ಹೆಮ್ಮೆ ಅದು.

ಲಾರಿಯ ಅಡಿಯಿಂದ ಮೇಸ್ತ್ರಿಯ ಎರಡು ಕಾಲುಗಳು ಮಾತ್ರ ಕಾಣುತ್ತಿದ್ದವು. ಅವನಿಗೆ 'ಧಡ್' ಎಂಬ ಸದ್ದು ಈಗ ಕೆಳಗಿನಿಂದ ಕೇಳಿಸುತ್ತಿತ್ತು. ಒಂದೇ ಏಟಿಗೆ ರಾಡು ಕಲ್ಲಿನಂತೆ ಇಳಿದಿದೆ, ನಳಿಗೆಗೆ ಬಡಿದಿದೆ. ಹತ್ತು ಸಲ ತಟ್ಟುವವನಾಗಿದ್ದರೆ ಮೊದಲ ತಟ್ಟಿಗೇ ತಡೆ ತಿಳಿಯುತ್ತಿತ್ತು. ಮೊದಲ ಪಿಸ್ಟನ್ನನ್ನು ನೋಝಲ್ ಸುಟ್ಟಿತ್ತು. ಆಮೇಲಿನ ಮೂರನ್ನು ಸುಟ್ಟದ್ದು ರಿಪೇರಿ.

ಮೇಲಿದ್ದವನಿಗೆ ಸಂಗತಿ ತಡವಾಗಿ ಹೊಳೆಯಿತು. ಅವನು ಕೆಳಗಿಳಿದು ಬಂದು, ಲಾರಿಯ ಪಕ್ಕ ಕುಕ್ಕರುಗಾಲಿನಲ್ಲಿ ಕೂತು, ಯಾರಿಗೂ ಕೇಳದ ಹಾಗೆ ಒಂದು ಉಪಾಯ ಹೇಳಿದ. ನಳಿಗೆಯನ್ನು ನಾನು ಸದ್ದಿಲ್ಲದೆ ನೆಟ್ಟಗೆ ಮಾಡುತ್ತೇನೆ. ಪಿಸ್ಟನ್ ಕಂಪನಿಯ ಮಾಲೇ ಕೆಟ್ಟದ್ದಾಗಿತ್ತು ಎಂದು ಹೇಳೋಣ. ಲಾರಿ ಓಡುತ್ತದೆ, ಮೇಸ್ತ್ರಿಯ ಹೆಸರೂ ಉಳಿಯುತ್ತದೆ, ಆಣೆಗೂ ಒಂದು ದಾರಿ ಸಿಗುತ್ತದೆ. ಕೆಳಗಿನ ಮಾತು ಕೆಳಗೇ ಇರುತ್ತದೆ. ಇಪ್ಪತ್ತೆರಡು ವರ್ಷ ಇದ್ದ ಹಾಗೆ.

ಉಪಾಯ ಚೆನ್ನಾಗಿತ್ತು. ಯಾರಿಗೂ ತಿಳಿಯುತ್ತಿರಲಿಲ್ಲ. ಅಡಿವೆಪ್ಪ, ನೀನು ಕೇಳಿದೆಯಲ್ಲ ಹೆಮ್ಮೆ ಯಾಕೆ ಬಿಡಬೇಕು ಎಂದು, ಇಲ್ಲಿ ಸ್ವಲ್ಪ ಗಮನವಿಟ್ಟು ಕೇಳು.

ಮೇಸ್ತ್ರಿ ಹೊರಗೆ ಬಂದ. ಬಿಳಿ ಅಂಗಿ ಈಗ ಯಾವ ಬಣ್ಣದ್ದೆಂದು ಹೇಳುವಂತಿರಲಿಲ್ಲ. ಅವನು ಅದನ್ನು ಝಾಡಿಸಿಕೊಳ್ಳಲೂ ಇಲ್ಲ. ಸುಟ್ಟ ಪಿಸ್ಟನ್ನುಗಳನ್ನು ತರಲು ಹೇಳಿದ. ಒಂದು ದೇವರ ಪಟದ ಮುಂದೆ ಊದುಬತ್ತಿ ಚುಚ್ಚಲು ಬಳಕೆಯಾಗುತ್ತಿತ್ತು. ಇನ್ನೊಂದು ಚಹಾದಂಗಡಿಯಲ್ಲಿ ಪತ್ರಿಕೆ ಹಾರದಂತೆ ಅದರ ಮೇಲೆ ಕೂತಿತ್ತು. ಮತ್ತೊಂದು ಗ್ಯಾರೇಜಿನ ಬಾಗಿಲಿಗೆ ಒತ್ತು ಕೊಟ್ಟಿತ್ತು. ನಾಲ್ಕನೆಯದನ್ನು ಆಗತಾನೆ ಎಂಜಿನ್ನಿನಿಂದ ತೆಗೆದಿದ್ದರು. ನಾಲ್ಕನ್ನೂ ಬೆಂಚಿನ ಮೇಲೆ ಸಾಲಾಗಿ ಇಡಿಸಿದ. ಆಮೇಲೆ ಒಂದೊಂದನ್ನೂ ಬೋರಲು ಹಾಕಿದ.

ತೂತಾಗಿದ್ದ ಮೊದಲನೆಯದರ ಹೊಟ್ಟೆ, ತೂತಿನ ಅಂಚು ಬಿಟ್ಟರೆ, ಎಣ್ಣೆ ಕುಡಿದು ಸ್ವಚ್ಛವಾಗಿತ್ತು. ಉಳಿದ ಮೂರರ ಹೊಟ್ಟೆ ಹಳೆಯ ಹಂಚಿನ ಹಾಗೆ ಕರಿಕಟ್ಟಿತ್ತು. ಅಷ್ಟು ದಿನ ಅವು ಎಲ್ಲರ ಕಣ್ಣೆದುರಿಗೇ ಇದ್ದವು. ಮೇಲಿನ ಮೈ ನೋಡಿದವರೇ ಎಲ್ಲ, ಮಗುಚಿ ನೋಡಿದವರು ಒಬ್ಬರೂ ಇಲ್ಲ. ಚಹಾದಂಗಡಿಯವನು ಇಷ್ಟು ಹೊತ್ತು ತಡೆದುಕೊಂಡದ್ದೇ ಹೆಚ್ಚು. ನಾವು ರೊಟ್ಟಿಯನ್ನಾದರೂ ಒಂದು ಸಲ ಮಗುಚುತ್ತೀವಿ ಮೇಸ್ತ್ರಿ ಎಂದ. ಮೇಸ್ತ್ರಿ ಅದನ್ನು ಒಪ್ಪಿಕೊಂಡ.

ಲಾರಿಯವನು, ನೋಡುತ್ತ ನಿಂತವರು, ಆಚೆ ಗ್ಯಾರೇಜಿನಿಂದ ಸುದ್ದಿ ತಿಳಿಯಲು ಬಂದಿದ್ದ ಇಬ್ಬರು, ಎಲ್ಲರ ಮುಂದೆ ಅವನು ವಿವರವಾಗಿ ಹೇಳಿದ. ಮೊದಲನೆಯದು ಹೇಗೆ ಸತ್ತಿತು, ಉಳಿದ ಮೂರು ಯಾರ ಏಟಿಗೆ ಸತ್ತವು, ನಳಿಗೆಯ ಬಾಯಿ ಎಲ್ಲಿರಬೇಕಿತ್ತು, ಎಲ್ಲಿತ್ತು. ಪಾಠ ಹೇಳುವ ಹಾಗೆ ಹೇಳಿದ. ತಲೆ ತಗ್ಗಿಸಲಿಲ್ಲ, ದನಿ ತಗ್ಗಿಸಲಿಲ್ಲ. ಕೆಳಗೆ ಮಲಗುತ್ತಿದ್ದವನು ಅವನ ತೋಳನ್ನು ಹಿಡಿದು ಜಗ್ಗಿ, ಯಾಕೆ ಮೇಸ್ತ್ರಿ, ಹೇಳದಿದ್ದರೆ ಆಗುತ್ತಿತ್ತಲ್ಲ ಎಂದು ಪಿಸುಗುಟ್ಟಿದ.

"ಈ ದಾರಿಯಲ್ಲಿ ಇಷ್ಟು ಮೇಸ್ತ್ರಿಗಳಿದ್ದಾರೆ," ಎಂದ ಮೇಸ್ತ್ರಿ. "ಈ ಪಿಸ್ಟನ್ ಯಾಕೆ ಸುಡ್ತು ಅಂತ ಕಂಡು ಹಿಡಿದವನು ನಾನು. ಅದನ್ನು ಹೇಳದೆ ಬಾಯಿ ಮುಚ್ಚಿಕೊಂಡಿರಲಾ?"

ಜನ ಮೊದಲು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಯಾರೋ ನಕ್ಕರು, ಎಲ್ಲರೂ ನಕ್ಕರು. ಅದು ಅಪಹಾಸ್ಯದ ನಗುವಲ್ಲ. ಲಾರಿಯವನು ಮಾತ್ರ ನಗಲಿಲ್ಲ. ಮೂರು ಸಲ ಸುಟ್ಟ ಕೈಗೆ ಅಪ್ಪನ ಲಾರಿಯನ್ನು ಮತ್ತೆ ಹೇಗೆ ಕೊಡಲಿ ಎಂದು ಕೇಳಿದ. ಕೇಳುವುದು ನ್ಯಾಯವೇ. ಮೇಸ್ತ್ರಿ, ನನ್ನ ಕೈಗೆ ಕೊಡಬೇಡ, ಇವನ ಕೈಗೆ ಕೊಡು ಎಂದು ಕೆಳಗೆ ಮಲಗುತ್ತಿದ್ದವನನ್ನು ಮುಂದಕ್ಕೆ ನಿಲ್ಲಿಸಿದ.

ಹುಬ್ಬಳ್ಳಿಯಿಂದ ಹೊಸ ನಳಿಗೆ ಬಂತು. ಮೇಸ್ತ್ರಿ ಅದರ ಬಾಯಿಗೆ ತೆಳ್ಳನೆಯ ತಂತಿ ತೂರಿಸಿ, ತಂತಿಯ ತುದಿ ಪಿಸ್ಟನ್ನಿನ ಹೊಟ್ಟೆ ಬರುವ ಜಾಗಕ್ಕೇ ಮುಟ್ಟುತ್ತದೆಯೇ ಎಂದು ಮೂರು ಸಲ ನೋಡಿದ. ಪಿಸ್ಟನ್ ಕೂರಿಸುವ ಹೊತ್ತಿಗೆ ಚಹಾದಂಗಡಿಯವನು ರೂಢಿಯಂತೆ ಒಲೆ ಸಣ್ಣ ಮಾಡಿ ಗಿರಾಕಿಗಳೊಂದಿಗೆ ಬಂದ. ಮೇಲೆ ನಿಂತವನು ನರೆಗೂದಲಿನ ಕೆಲಸಗಾರ. ಅವನ ಮುಖವನ್ನು ಊರಿನವರು ಸರಿಯಾಗಿ ನೋಡಿದ್ದು ಅಂದೇ. ಕೆಳಗೆ ಮಲಗಿದವನು ಮೇಸ್ತ್ರಿ. ಆಣೆ ಪಾನಾದ ಮೇಲೆ, ಅಂಗೈಯ ಮೇಲಲ್ಲ ಎಂದು ಹೇಳಿ ಅವನು ಇಳಿದು ಬರುವ ರಾಡನ್ನು ಬರಿಗೈಯಲ್ಲಿ ಹಿಡಿದು, ನಳಿಗೆಗೆ ತಾಗದಂತೆ ದಾಟಿಸಿದ. ಮೇಲಿನವನು ತಟ್ಟಿದ್ದು ಹದಿಮೂರು ಸಲ. ಪ್ರತಿ ಸಲವೂ ನಿಲ್ಲಿಸಿ, ಬರಲಾ ಎಂದು ಕೇಳುತ್ತಿದ್ದ. ಕೆಳಗಿನಿಂದ ಬಾ ಎಂದ ಮೇಲೆಯೇ ಮುಂದಿನ ತಟ್ಟು. ಕೊನೆಗೆ ಪಾನಾ ಹಿಡಿದು ನಟ್ಟು ಬಿಗಿಯಲು ಅವನೇ ಕೆಳಗಿಳಿದ. ಆ ಗ್ಯಾರೇಜಿನಲ್ಲಿ ಪಿಸ್ಟನ್ ಕೂರಿಸುವಾಗ ಮೇಲಿನವನೂ ಕೆಳಗಿನವನೂ ಮಾತಾಡಿದ್ದು ಅದೇ ಮೊದಲು.

ವಾರ ಕಳೆದು ಲಾರಿ ಕರಾವಳಿಗೆ ಇಳಿಯಿತು. ಉಪ್ಪು ತುಂಬಿಕೊಂಡು ವಾಪಸು ಹತ್ತುವ ದಿನ ಗ್ಯಾರೇಜಿನಲ್ಲಿ ಯಾರೂ ಕೆಲಸ ಮಾಡಲಿಲ್ಲ. ಮೇಸ್ತ್ರಿ ರಸ್ತೆಯ ಅಂಚಿನಲ್ಲಿ ನಿಂತಿದ್ದ. ಘಟ್ಟದ ಕೆಳಗಿನಿಂದ ಸದ್ದು ಮೊದಲು ಬಂತು. ಏಳನೆಯ ತಿರುವಿನಲ್ಲಿ ಅದು ಸ್ವಲ್ಪ ಭಾರವಾಯಿತು. ಚಹಾದಂಗಡಿಯವನು ಕಣ್ಣು ಮುಚ್ಚಿಕೊಂಡ. ಸದ್ದು ಮುರಿಯಲಿಲ್ಲ. ಎಂಟನೆಯ ತಿರುವು ದಾಟಿತು, ಒಂಬತ್ತು ದಾಟಿತು. ಆರು ಪಿಸ್ಟನ್ನುಗಳೂ ಒಂದೇ ದನಿಯಲ್ಲಿ ಹಾಡುತ್ತ ಲಾರಿ ಘಟ್ಟದ ನೆತ್ತಿಗೆ ಬಂತು. ಲಾರಿಯವನು ಗ್ಯಾರೇಜಿನ ಮುಂದೆ ನಿಲ್ಲಿಸಿ, ಎಂಜಿನ್ ಆರಿಸದೆ, ಸದ್ದನ್ನು ಮೇಸ್ತ್ರಿಯ ಕಿವಿಗೆ ಹಾಕಿದ.

ಮೇಸ್ತ್ರಿ ಹೂಂ ಎನ್ನಲಿಲ್ಲ. ಪಕ್ಕದಲ್ಲಿದ್ದ ಕೆಲಸಗಾರನ ಕಡೆ ನೋಡಿದ. ಅವನು ಒಂದು ಸಲ ಗಂಟಲು ಸರಿಮಾಡಿಕೊಂಡು, ಹೂಂ ಎಂದ. ಲಾರಿ ಮುಂದೆ ಹೋಯಿತು.

ಆ ಮೇಸ್ತ್ರಿ ಆಮೇಲೆ ಪಾನಾ ಮುಟ್ಟಲಿಲ್ಲ. ಆಡಿದ ಮಾತನ್ನು ನುಂಗುವವನಲ್ಲ ಅವನು. ಆದರೆ ಮೂರು ಜಿಲ್ಲೆಗಳಿಂದ ಜನ ಸುಟ್ಟ ಪಿಸ್ಟನ್ನುಗಳನ್ನು ಚೀಲದಲ್ಲಿ ಹಾಕಿಕೊಂಡು ಅವನ ಬಳಿಗೆ ಬರುತ್ತಿದ್ದರು. ಅವನು ಅದನ್ನು ಮಗುಚಿ ನೋಡುತ್ತಿದ್ದ. ದೀಪ ತೆಗೆದುಕೊಂಡು ಲಾರಿಯ ಅಡಿಗೆ ಹೋಗುತ್ತಿದ್ದ. ಹೊರಗೆ ಬಂದು ಕಾರಣ ಹೇಳುತ್ತಿದ್ದ. ಎದೆಯ ಮೇಲಿನ ಎಣ್ಣೆಯ ಕಲೆಯನ್ನು ಪದಕದ ಹಾಗೆ ಹೊತ್ತು ಊರಲ್ಲಿ ಓಡಾಡುತ್ತಿದ್ದ. ಅವನ ಹೆಮ್ಮೆ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಿರಲಿಲ್ಲ. ಬಹುಶಃ ಸ್ವಲ್ಪ ಹೆಚ್ಚೇ ಆಗಿತ್ತು.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು.

ಅಡಿವೆಪ್ಪ ನೆಟ್ಟಗೆ ಕುಳಿತಿದ್ದ. ಅವನ ಎದೆ ಒಂದು ಅಂಗುಲ ಮುಂದೆ ಬಂದಿತ್ತು. ಕತೆ ತನ್ನ ಕಡೆಗೇ ಆಯಿತು ಎಂದು ಅವನಿಗೆ ಖಾತ್ರಿಯಾಗಿತ್ತು. ಹೆಮ್ಮೆ ಬಿಡಬೇಕಾಗಿಲ್ಲ, ಹಿರಿಯರಿಗೆ ಹೋಗಿ ಈ ಕತೆ ಹೇಳಬಹುದು. ಅವನು ನಮ್ಮ ಕಡೆ ಒಂದು ಸಲ ನೋಡಿ, ಗುರುಗಳಿಗೆ ಕೈಮುಗಿದ.

"ಅಂಥವರನ್ನ ದಿನಾ ನೆನೆಯಬೇಕು ಅಜ್ಜಾರೆ," ಎಂದ. "ಆ ಮೇಸ್ತ್ರಿಯ ಹೆಸರೇನು?"

ಗುರುಗಳು ಅವನನ್ನೇ ನೋಡಿದರು.

"ಮೇಸ್ತ್ರಿಯ ಹೆಸರು ಕೇಳಿದೆ, ಅಡಿವೆಪ್ಪ, ಇಪ್ಪತ್ತೆರಡು ವರ್ಷ ಕೆಳಗೆ ಮಲಗಿದ್ದವನ ಹೆಸರು ಕೇಳಲಿಲ್ಲ."